ಕೈಗೆ ಕೊಟ್ಟ ನೋಟೀಸು

ಫೆಬ್ರವರಿಗೆ ಇಪ್ಪತ್ತೆಂಟೇ ದಿನ ಎಂಬುದು ಸಿದ್ದಾರೂಢನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೊತ್ತಿರುವುದು ಬೇರೆ, ಹೊತ್ತಿಗೆ ನೆನಪಾಗುವುದು ಬೇರೆ. ಅಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಕ್ಯಾಲೆಂಡರ್ ನೋಡಿದವನಿಗೆ ಪೇಸ್ಟಿನ ನೊರೆ ಗಂಟಲಿಗಿಳಿಯಿತು. ತಿಂಗಳ ಕಡೇ ದಿನ ಇವತ್ತೇ! ಮನೆ ಬಿಡುವ ಒಂದು ತಿಂಗಳ ನೋಟೀಸನ್ನು ಇವತ್ತು ಕೊಡದಿದ್ದರೆ ಏಪ್ರಿಲ್ ಬಾಡಿಗೆಯೂ ತಲೆಮೇಲೆ.

ಮಾಲೀಕರು ಬೋರಣ್ಣ. ಇಂದಿನ ಬಿಟಿಎಂ ಲೇಔಟಿನ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು. ಈಗ ಸುದ್ದಗುಂಟೆಪಾಳ್ಯದಲ್ಲಿ ಕೆಳಗೆ ತಾವಿದ್ದು, ತಾರಸಿ ಮೇಲಿನ ರೂಮನ್ನು ಬಾಡಿಗೆಗೆ ಕೊಟ್ಟಿದ್ದರು. ಅವರದು ಒಂದೇ ಕಾನೂನು.

"ನೋಟೀಸು ಬರ್ದು ನನ್ ಕೈಗೇ ಕೊಡ್ಬೇಕು ಕಣಪ್ಪ. ಹೆಂಗಸ್ರ ಕೈಗಲ್ಲ, ಹುಡುಗ್ರ ಕೈಗಲ್ಲ. ಹಿಂದೆ ಜಮೀನಿನ ನೋಟೀಸು ಯಾರ್ದೋ ಕೈಗೆ ಹೋಗಿ, ನಂಗೆ ತಿಳಿಯೋ ಹೊತ್ಗೆ ಲೇಔಟಿನೋರು ಹೊಲ್ದಾಗೆ ಕಲ್ ನೆಟ್ಬಿಟ್ಟಿದ್ರು."

ಸಿದ್ದಾರೂಢನಿಗೆ ಬೋರಣ್ಣನ ಮೇಲೆ ಸಿಟ್ಟಿರಲಿಲ್ಲ. ಮಗಳು ಹುಟ್ಟಿದ ಸುದ್ದಿ ಗದಗಿನಿಂದ ಬಂದಾಗ ಇಡೀ ಬೀದಿಗೆ ಸಕ್ಕರೆ ಹಂಚಿದವರು ಅವರೇ. ಆದರೆ ಆ ತಾರಸಿಗೆ ಹತ್ತುವ ಕಬ್ಬಿಣದ ಮೆಟ್ಟಿಲು ಅಲುಗಾಡುತ್ತಿತ್ತು. "ಕೂಸಿನ ಎತ್ಗೊಂಡು ನಾ ಆ ಮೆಟ್ಲಾ ಹತ್ತಂಗಿಲ್ಲ" ಎಂದು ಹೆಂಡತಿ ಅನ್ನಪೂರ್ಣ ಐದು ತಿಂಗಳಿಂದ ತವರಿನಲ್ಲೇ ಕೂತಿದ್ದಳು. ಮಗಳನ್ನು ಅವನು ನೋಡಿದ್ದು ಎರಡೇ ಸಲ. ಎರಡು ಸಲವೂ ಅವನನ್ನು ಕಂಡು ಅದು ಅತ್ತಿತ್ತು. ಕಡೆಗೆ ಬನಶಂಕರಿಯಲ್ಲಿ ಮೆಟ್ಟಿಲೇ ಇಲ್ಲದ ಮನೆಯೊಂದು ಸಿಕ್ಕಿತ್ತು. ಅದರ ಮಾಲೀಕರು ಜಯಸಿಂಹ ಎಂಬ ನಿವೃತ್ತ ಮೇಷ್ಟ್ರು. "ಕೂಸಿಗೋಸ್ಕರ ಒಂದು ತಿಂಗಳು ಕಾಯ್ತೀನಿ. ಆದ್ರೆ ಇಪ್ಪತ್ತೆಂಟರ ಸಂಜೆಯೊಳಗೆ ಫೋನ್ ಮಾಡಿ ಹೂಂ ಅನ್ಬೇಕು" ಎಂದಿದ್ದರು.

ಮಸಿ ಪೆನ್ನಿನಲ್ಲಿ ಮುದ್ದಾಗಿ ನೋಟೀಸು ಬರೆದ. ಮೇಲೆ ತನ್ನ ಹೆಸರು, ನಡುವೆ ಒಕ್ಕಣೆ, ಅಡಿಯಲ್ಲಿ ಹೊಸ ಮನೆಯ ವಿಳಾಸ, ಜಯಸಿಂಹರ ಫೋನ್ ನಂಬರು. ಮಡಚಿ ಜೇಬಿಗಿಟ್ಟು ಮೆಟ್ಟಿಲಿಳಿದ.

ಕೆಳಗೆ ಮಾಲೀಕರ ಹೆಂಡತಿ ಗೌರಮ್ಮನ ಅಳು ಕೇಳಿಸಿತು. ಹಾಲು ತಂದಿಟ್ಟು ಜಗಲಿಯ ಮೇಲೆ ಕೂತ ಬೋರಣ್ಣ ಮತ್ತೆ ಎದ್ದಿರಲಿಲ್ಲ.

ಸಿದ್ದಾರೂಢ ನಿಂತಲ್ಲೇ ಅತ್ತುಬಿಟ್ಟ. ಅದು ನಿಜವಾದ ಅಳುವೇ. ಆದರೆ ಬಗ್ಗಿದಾಗಲೆಲ್ಲ ಜೇಬಿನ ಕಾಗದ ಎದೆಗೆ ಚುಚ್ಚುತ್ತಿತ್ತು. ಶಾಮಿಯಾನದವನನ್ನು ಕರೆತಂದ, ಮಡಿವಾಳ ಮಾರ್ಕೆಟ್ಟಿಗೆ ಓಡಿ ಹೂವಿನ ಹಾರ ತಂದ. "ಬಾಡಿಗೆಯವನಾದ್ರೂ ಮಗನಿಗಿಂತ ಹೆಚ್ಚು" ಎಂದು ನೆಂಟರು ಮಾತಾಡಿಕೊಂಡಾಗ ನಾಚಿಕೆಯಿಂದ ಕುಗ್ಗಿಹೋದ.

ಎದುರುಮನೆಯ ದ್ಯಾಮಣ್ಣ ಹತ್ತಿರ ಬಂದ. ಕೊಪ್ಪಳದ ಕಡೆಯವನು, ಸಾವಿರಲಿ ಮದುವೆಯಿರಲಿ, ಕೇಳದೆ ಸಲಹೆ ಕೊಡುವುದು ಅವನ ಪ್ರವೃತ್ತಿ. ಸಿದ್ದಾರೂಢ ತಡೆಯಲಾರದೆ ಸಂಕಟ ತೋಡಿಕೊಂಡ.

"ಮಗನ ಕೈಯಾಗ ಕೊಡ್ಲೇನ್ರೀ?"

"ಹುಚ್ಚೇನ್ ನಿನಗ? ಅಪ್ಪನ ಹೆಣದ ಮುಂದ ಮಗನಿಗೆ ನೋಟೀಸ್ ಕೊಡ್ತೀಯಾ? ಮುದುಕಾ ತನ್ನ ಕೈಯಾಗ ಕೊಡು ಅಂದಿದ್ದನಿಲ್ಲೋ? ಕೈ ಇನ್ನಾ ಐತಲ್ಲ. ಹೂವು ಹಾಕೂ ನೆವದಾಗ ಇಟ್ಟು ಬಾ. ನಾಳೆ ಯಾರರೆ ಕೇಳಿದ್ರ ಸಾಕ್ಷಿಗೆ ನಾ ಅದೀನಿ."

ಬೇರೆ ದಿನವಾಗಿದ್ದರೆ ಸಿದ್ದಾರೂಢ ನಗುತ್ತಿದ್ದ. ಇವತ್ತು ಅದೇ ಸರಿ ಅನ್ನಿಸಿತು. ಹೂವು ಹಾಕಿ, ಕಾಲಿಗೆರಗಿ, ಬೋರಣ್ಣನ ತಣ್ಣಗಿನ ಅಂಗೈಯೊಳಗೆ ಕಾಗದವನ್ನಿಟ್ಟು ಬೆರಳು ಮಡಚಿದ. "ತಪ್ಪು ತಿಳೀಬ್ಯಾಡ್ರಿ ಯಜಮಾನ್ರ. ನೀವು ಹೇಳಿದಂಗ ಮಾಡೀನಿ" ಎಂದು ಮನಸ್ಸಿನಲ್ಲೇ ಅಂದುಕೊಂಡ. ಕಣ್ಣು ಮತ್ತೆ ತುಂಬಿಬಂತು.

ಮಧ್ಯಾಹ್ನ ಹೆಣಕ್ಕೆ ಸ್ನಾನ ಮಾಡಿಸಿದರು. ಮಣ್ಣಿಗೂ ಅವನು ಹೆಗಲು ಕೊಟ್ಟ. ಎಲ್ಲ ಮುಗಿಸಿ ಅವನು ಕಡೆಯವನಾಗಿ ಬಂದಾಗ ಕತ್ತಲಾಗಿತ್ತು. ಮನೆಯವರಿಗೆ ಆಗಲೇ ತಿಳಿಸಿದ್ದನ್ನು ಪುರೋಹಿತರು ಪಂಚಾಂಗ ಮುಚ್ಚುತ್ತಾ ಅವನಿಗೂ ಹೇಳಿದರು.

"ಧನಿಷ್ಠಾ ಪಂಚಕದಲ್ಲಿ ಹೋಗಿದ್ದಾರೆ, ಮನೆಗೆ ದೋಷ. ಮೂರನೇ ದಿನ ಹಾಲುತುಪ್ಪ ಬಿಟ್ಟು ಮನೆಗೆ ಬೀಗ ಹಾಕ್ಬೇಕು. ಆರು ತಿಂಗಳು ಒಂದು ದೀಪ ಕೂಡ ಉರೀಬಾರ್ದು. ಮೇಲಿನ ರೂಮೂ ಸೇರಿ."

ಸಿದ್ದಾರೂಢನ ಎದೆ ಹಗುರಾಯಿತು. ನೋಟೀಸೂ ಬೇಡ, ಹೆಚ್ಚಿನ ಬಾಡಿಗೆಯೂ ಇಲ್ಲ! ಹಾಗನ್ನಿಸಿದ್ದಕ್ಕೆ ಮರುಕ್ಷಣವೇ ನಾಚಿದನಾದರೂ, ಕಾಲು ಮೂಲೆಯ ಎಸ್‌ಟಿಡಿ ಬೂತಿನತ್ತ ಓಡಿಯಾಗಿತ್ತು.

"ಸಾರಿ ಕಣಪ್ಪ" ಎಂದರು ಜಯಸಿಂಹ. "ಸಂಜೆವರೆಗೂ ಕಾದು ಈಗ ತಾನೇ ಮನೆ ಕೊಟ್ಬಿಟ್ಟೆ. ಯಾರೋ ತಂದೆ ಕಳ್ಕೊಂಡ ಹುಡುಗ. ಮೂರು ದಿನದಲ್ಲಿ ಮನೆ ಬಿಡ್ಬೇಕಂತೆ, ಸಾವಿನ ಸೂತಕ ಇರೋದಕ್ಕೆ ಯಾರೂ ಮನೆ ಕೊಡಲ್ಲವಂತೆ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಬೂತಿನಿಂದ ವಾಪಸ್ ಬಂದಾಗ ಬೋರಣ್ಣನ ಮಗ ದೀಪಕ್ ನೆಂದು ಮುದುಡಿದ ಕಾಗದವೊಂದನ್ನು ಎರಡೂ ಕೈಯಲ್ಲಿ ಹಿಡಿದು ನೆಂಟರಿಗೆ ತೋರಿಸುತ್ತಿದ್ದ. ಸ್ನಾನದ ನೀರಿಗೆ ಮೇಲಿನ ಮಸಿಯೆಲ್ಲ ಕದಡಿಹೋಗಿ, ಮಡಿಕೆಯೊಳಗಿದ್ದ ಅಡಿಯ ವಿಳಾಸ, ನಂಬರು ಮಾತ್ರ ಉಳಿದಿದ್ದವು.

"ಅಪ್ಪನ ಕೈಲಿತ್ತು ಅಣ್ಣ. ಹೋಗೋ ಹೊತ್ತಲ್ಲೂ ಅಮ್ಮಂಗೆ ಮನೆ ನೋಡಿಟ್ಟಿದ್ದಾರೆ. ಗಟ್ಟಿಯಾಗಿ ಹಿಡ್ಕೊಂಡಿದ್ರು."

ಸಿದ್ದಾರೂಢ ಬಾಯಿ ತೆರೆದ. ದ್ಯಾಮಣ್ಣ ಆಕಾಶ ನೋಡುತ್ತಾ ನಿಂತಿದ್ದ, ಸಾಕ್ಷಿಯ ಸುದ್ದಿಯೇ ಇಲ್ಲ. ಗೌರಮ್ಮ ಆ ಕಾಗದವನ್ನು ಕಣ್ಣಿಗೊತ್ತಿಕೊಂಡು, "ಅಲ್ಲಿ ಮೆಟ್ಲೇ ಇಲ್ವಂತೆ ಕಣಪ್ಪ. ನನ್ ಮಂಡಿನೋವು ಅವರ್ಗೆ ಗೊತ್ತಿತ್ತು" ಎಂದರು. ಬೆಳಗಿನಿಂದ ಮೊದಲ ಸಲ ಆಕೆಯ ಮುಖದಲ್ಲಿ ಒಂದಿಷ್ಟು ನೆಮ್ಮದಿ ಕಂಡಿತ್ತು. ಸಿದ್ದಾರೂಢ ತೆರೆದ ಬಾಯನ್ನು ಹಾಗೇ ಮುಚ್ಚಿದ.

ಅಷ್ಟರಲ್ಲಿ ಬೋರಣ್ಣನ ಮನೆಯ ಕಿಟಕಿಯ ಬಳಿಯ ಫೋನು ಬಡಿದುಕೊಂಡಿತು. ಅವನಿಗೇ ಬಂದ ಕರೆ, ಗದಗಿನಿಂದ.

"ರೀ, ನೋಟೀಸ್ ಕೊಟ್ರ್ಯಾ?" ಅನ್ನಪೂರ್ಣ ಕೇಳಿದಳು.

"ಕೊಟ್ಟೆ."

"ಯಜಮಾನ್ರ ಕೈಯಾಗ?"

"ಹೂಂ. ಕೈಯಾಗ."

"ಏನರೆ ಬೈದ್ರೇನ್ರೀ?"

"ಇಲ್ಲ. ಏನೂ ಅನಲಿಲ್ಲ."

"ದೊಡ್ಡ ಮನಸಿನವ್ರು ನೋಡ್ರಿ. ಮತ್ತ, ಅಪ್ಪ ಇವತ್ತ ತೊಟ್ಟಿಲಾ ಲಾರಿಗೆ ಹಾಕ್ಯಾನ. ಬನಶಂಕರಿ ವಿಳಾಸಾನ ಬರಿಸೇವಿ. ನಾಕ ದಿನಕ್ಕ ಮುಟ್ಟತೈತಂತ. ಮನ್ಯಾಗ ಯಾರರೆ ಇರ್ತಾರಿಲ್ರೀ, ಇಳಿಸ್ಕೊಳ್ಳಾಕ?"

ಸಿದ್ದಾರೂಢ ಒಳಗೆ ನೋಡಿದ. ಗೌರಮ್ಮ ಬೋರಣ್ಣನ ಫೋಟೋವನ್ನು ಗೋಡೆಯಿಂದ ಇಳಿಸಿ ಸೀರೆಯ ಸೆರಗಿನಲ್ಲಿ ಒರೆಸುತ್ತಿದ್ದರು.

"ಇರ್ತಾರ" ಎಂದ.