ಗಾಯಕನನ್ನು ನನ್ನ ಗಂಡನ ಕಿವಿಗೆ ಮಾತ್ರ ಹಂಚಿದವರಿಗೆ

ಹಳೆಯ ರಾಕ್ ಆಲ್ಬಂಗಳನ್ನು ಬಿಚ್ಚಿ, ತೊಳೆದು, ಎಡ ಬಲವೆಂದು ಹೊಸದಾಗಿ ಜೋಡಿಸಿಕೊಡುವ ಸ್ಟೀರಿಯೊ ರೀಮಾಸ್ಟರ್ ಇಂಜಿನಿಯರ್ ಮಹಾಶಯರಿಗೆ,

ಮಾನ್ಯರೇ,

ಮದುವೆಯಾಗಿ ಇಂದಿಗೆ ಎಪ್ಪತ್ತೊಂದು ದಿನವಾದ ಶಹಾಪುರದ ದೇವಕಮ್ಮಳ ಅನಂತ ನಮಸ್ಕಾರಗಳು. ತಾವೂ ತಮ್ಮ ಯಂತ್ರಗಳೂ ಕ್ಷೇಮವೆಂದು ನಂಬಿದ್ದೇನೆ. ಸುರಪುರದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದಿದ ನಾನು ಇದನ್ನು ತಮ್ಮ ಭಾಷೆಯಲ್ಲೇ ಬರೆಯಬಹುದಿತ್ತು. ಆದರೆ ಹೊಗಳಿಕೆ ಈ ಪರಿ ಉಕ್ಕುವಾಗ ಕನ್ನಡವೇ ವಾಸಿ ಎನ್ನಿಸಿತು.

ನಮ್ಮ ಮನೆಯವರು, ಅಂದರೆ ಮರಿಲಿಂಗಪ್ಪನವರು, ಯಾದಗಿರಿಯ ಕಾಲುವೆ ಕಚೇರಿಯಲ್ಲಿ ಗುಮಾಸ್ತರು. ನಾನು ಅಲ್ಲಿಯೇ ಒಂದು ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಮೂರು ಕೋಣೆ, ಹನ್ನೊಂದು ಜನ. ಆದ್ದರಿಂದ ನಾವಿಬ್ಬರೇ ಇರುವ ಹೊತ್ತು ಎಂದರೆ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕಳೆಯುವ ಒಂದು ತಾಸು ಮಾತ್ರ. ಆ ತಾಸಿಗೆ ಒಂದೇ ಇಯರ್‌ಫೋನ್: ಎಡಗಡೆಯದು ನನ್ನ ಕಿವಿಗೆ, ಬಲಗಡೆಯದು ಅವರ ಕಿವಿಗೆ. ಮದುವೆ ನಿಶ್ಚಯವಾದ ದಿನದಿಂದ ನಾವು ಕೇಳುತ್ತ ಬಂದದ್ದು ಒಂದೇ ಆಲ್ಬಂ, ಎರಡೂ ಕಿವಿಗೆ ಒಂದೇ ಧ್ವನಿ ಕೊಡುವ ಅದರ ಮೋನೊ ಪ್ರತಿ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಒಂದೇ ತಾಟಿನಲ್ಲಿ ಬಡಿಸಿದ ಹಾಗೆ, ಗಿಟಾರು ಡ್ರಮ್ಮಿನ ಮೇಲೆ ಬಿದ್ದು, ಡ್ರಮ್ಮು ಗಾಯಕನ ಮೇಲೆ ಬಿದ್ದು ಸ್ವಲ್ಪ ಕಲಸಿಹೋಗಿರುತ್ತಿತ್ತು ನಿಜ. ಆದರೆ ಇಬ್ಬರಿಗೂ ಸಿಗುತ್ತಿದ್ದುದು ಅದೇ ತಾಟು.

ಎರಡು ತಿಂಗಳು ತುಂಬಿದ ದಿನ ಅವರು ಉಡುಗೊರೆಯಾಗಿ ತಾವು ಮಾಡಿದ ಸ್ಟೀರಿಯೊ ರೀಮಾಸ್ಟರ್ ತಂದರು; ಫೋನಿನಲ್ಲಿ ಜಾಗ ಸಾಲದೆ ಮೋನೊ ಪ್ರತಿಯನ್ನು ಅಳಿಸಿದರು. ಮರುದಿನ ಬಸ್ಸು ಹೊರಟಿತು, ಹಾಡು ಹತ್ತಿತು. ನನ್ನ ಎಡಗಿವಿಯಲ್ಲಿ ಡ್ರಮ್ಮು ಬಂತು, ಬೇಸ್ ಗಿಟಾರ್ ಬಂತು, ಹಾಡುವವನು ಮಾತ್ರ ಬರಲೇ ಇಲ್ಲ. ನಮ್ಮವರು ಕಣ್ಣು ಮುಚ್ಚಿ, ರೆಪ್ಪೆ ಒದ್ದೆ ಮಾಡಿಕೊಂಡು ಕೇಳಿದರು: “ಈ ಸಾಲು ಕೇಳಿದೇನು?”

“ಯಾವ ಸಾಲ್ರಿ? ಇಲ್ಲಿ ಬರೇ ಬಡಿಯಾಕತ್ತಾರ.”

ನಾನು ಅವರ ಜೀವದ ಹಾಡನ್ನು ಗೇಲಿ ಮಾಡಿದೆನೆಂದು ತಿಳಿದು ಅವರು ಯಾದಗಿರಿ ಬರುವವರೆಗೆ ಮುಖ ಆಚೆ ತಿರುಗಿಸಿಕೊಂಡೇ ಕುಳಿತರು. ನಮ್ಮ ಸಂಸಾರದ ಮೊದಲ ಮುನಿಸನ್ನು ಇಷ್ಟು ಸ್ವಚ್ಛವಾದ ಧ್ವನಿಯಲ್ಲಿ ಒದಗಿಸಿದ್ದಕ್ಕೆ ತಮಗೆ ಕೃತಜ್ಞಳು.

ಜಾಗ ಬದಲಿಸಿಕೊಳ್ಳಿ ಎಂದು ತಾವು ಹೇಳಬಹುದು. ನಮ್ಮ ಅತ್ತೆ ಸುಂದ್ರಮ್ಮನವರು ಮದುವೆಯ ಮರುದಿನವೇ ಅಪ್ಪಣೆ ಕೊಟ್ಟಿದ್ದಾರೆ: “ಮದುವ್ಯಾಗ ತಲಿ ಮ್ಯಾಲ ಅಕ್ಕಿಕಾಳು ಬಿದ್ದಾಗ ಗಂಡನ ಎಡಕ್ಕ ಕುಂತಿದ್ದೆವ್ವಾ, ಒಂದು ವರ್ಷ ಎಲ್ಲಿ ಹೋದ್ರೂ ಅಲ್ಲೇ ಕುಂದ್ರು.” ಅವರ ಗೆಳತಿ, ಹೂ ಮಾರುವ ಬಾಲಮ್ಮ, ದಿನಾ ನಮ್ಮ ಹಿಂದಿನ ಸೀಟಿನಲ್ಲೇ ಬರುತ್ತಾರೆ. ಒಂದು ದಿನ ಬಲಕ್ಕೆ ಕುಳಿತಿದ್ದಕ್ಕೆ ಸಂಜೆ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಆಮೇಲೆ ವಯರು ಅದಲುಬದಲು ಮಾಡಿಕೊಂಡೆವು. ಈಗ ನಾನು ಕಣ್ಣೀರು ಹಾಕಿದೆ, ಅವರು ಸೀಟಿನ ಸರಳನ್ನು ಬಡಿಯುತ್ತ ಕುಳಿತರು. ಅದನ್ನು ನೋಡಲಾಗದೆ ನಾನು ಅರ್ಧಕ್ಕೇ ಬಿಚ್ಚಿಕೊಟ್ಟೆ. ಕೊನೆಗೆ ಅವರು, ಹೊಲಗಳಿಗೆ ಕಾಲುವೆ ನೀರು ಬಿಡುವ ಸರದಿ ಪಟ್ಟಿ ಬರೆದು ರೂಢಿಯಾದ ಕೈಯಿಂದ, ನಮ್ಮಿಬ್ಬರಿಗೂ ಒಂದು ಪಟ್ಟಿ ಬರೆದರು: ಒಂದು ಹಾಡಿಗೆ ಬಲಗಡೆಯ ವಯರು ನನಗೆ, ಮುಂದಿನದಕ್ಕೆ ಅವರಿಗೆ. ಸಹಿ ಕೂಡ ಹಾಕಿದರು. ಆದರೆ ಮೂರನೆಯ ಹಾಡಿನಲ್ಲಿ ತಾವು ಗಾಯಕನನ್ನೇ ಎಡಕ್ಕೆ ವರ್ಗ ಮಾಡಿದ್ದೀರಿ. ನನ್ನ ಸರದಿಗೆ ಮತ್ತೆ ಡ್ರಮ್ಮು. ಸರದಿ ಬಂದರೂ ನೀರು ಮುಟ್ಟದ ಕಾಲುವೆಯ ತುದಿಯ ರೈತರು ಕಚೇರಿಗೆ ಬಂದು ಯಾಕೆ ಅಷ್ಟು ಜೋರಾಗಿ ಮಾತಾಡುತ್ತಾರೆಂದು ನಮ್ಮವರಿಗೆ ಅಂದು ಅರ್ಥವಾಯಿತಂತೆ.

ಸತ್ಯ ಹೇಳದಿದ್ದರೆ ಪಾಪ ಬಂದೀತು. ಒಂದು ಭಾನುವಾರ ಮಾಳಿಗೆಯ ಮೇಲೆ ಒಬ್ಬಳೇ ಎರಡೂ ಕಿವಿಗೆ ಹಾಕಿಕೊಂಡು ಕೇಳಿದೆ. ಗಾಯಕ ಉಸಿರೆಳೆದುಕೊಳ್ಳುವುದು, ಯಾರೋ ಕುರ್ಚಿ ಸರಿಸುವುದು, ಮೋನೊದಲ್ಲಿ ಇತ್ತೆಂದೇ ಗೊತ್ತಿರದ ಎರಡನೆಯ ಗಿಟಾರು, ಎಲ್ಲ ಕೇಳಿ ಮೈ ಜುಮ್ಮೆಂದಿತು. ಎಷ್ಟು ಚಂದವೆಂದರೆ ಪಕ್ಕದಲ್ಲಿ ಯಾರೂ ಇಲ್ಲದಿರುವುದು ತಕ್ಷಣ ಗೊತ್ತಾಯಿತು. ತಾವು ಮದುವೆಯಾಗದವರಿಗಾಗಿ ಇಷ್ಟೊಂದು ದುಡಿದಿದ್ದೀರಿ.

ಆದ್ದರಿಂದ ಸವಿನಯ ಬೇಡಿಕೆ: ಶಹಾಪುರದಿಂದ ಯಾದಗಿರಿಯವರೆಗೆ ಮಾತ್ರ ಗಾಯಕನು ನಡುವೆ ನಿಂತು ಹಾಡುವಂತೆ ದಯವಿಟ್ಟು ಆಜ್ಞಾಪಿಸಬೇಕು. ಅದಾಗದಿದ್ದರೆ ನನ್ನ ಕಡೆಗೆ ಇನ್ನೊಬ್ಬ ಗಾಯಕನನ್ನು ನೇಮಿಸಬೇಕು; ಡ್ರಮ್ಮಿನವರೇ ಬಡಿಯುತ್ತ ಎರಡು ಸಾಲು ಹಾಡಿದರೂ ಅಡ್ಡಿಯಿಲ್ಲ. ಇವೂ ಆಗದಿದ್ದರೆ ತಾವೇ ಬಂದು ನಮ್ಮ ಅತ್ತೆಯವರ ಮನವೊಲಿಸಬೇಕು. ಬಿಸಿ ರೊಟ್ಟಿ ಖಂಡಿತ ಸಿಗುತ್ತದೆ, ಅವರು ಒಪ್ಪುತ್ತಾರೆಂಬ ಮಾತು ಮಾತ್ರ ನಾನು ಕೊಡಲಾರೆ.

ಸದ್ಯಕ್ಕೆ ಎಡಗಿವಿಯ ಮಟ್ಟಿಗೆ ಮಾತ್ರ
ತಮ್ಮ ವಿಶ್ವಾಸಿ,
ದೇವಕಮ್ಮ ಮರಿಲಿಂಗಪ್ಪ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಮೊಬೈಲ್ ಅಂಗಡಿಯ ಅಂಬಣ್ಣ, ಒಂದು ಕಿವಿ ಕೇಳದವರಿಗಾಗಿ ಫೋನಿನಲ್ಲಿ ಇಟ್ಟಿರುವ ಗುಂಡಿಯೊಂದನ್ನು ತೋರಿಸಿಕೊಟ್ಟ. ಅದನ್ನು ಒತ್ತಿದರೆ ತಾವು ತಿಂಗಳುಗಟ್ಟಲೆ ದುಡಿದು ಬೇರ್ಪಡಿಸಿದ್ದೆಲ್ಲ ಒಂದು ಕ್ಷಣದಲ್ಲಿ ಕೂಡಿಕೊಂಡು ಮೋನೊ ಆಗುತ್ತದೆ. ಇಂದು ಬೆಳಿಗ್ಗೆ ಒತ್ತಿದೆವು. ಒಂದೇ ಸಾಲಿಗೆ ಇಬ್ಬರ ಕಣ್ಣೂ ತುಂಬಿದವು. ಕಂಡಕ್ಟರ್ ವಹಾಬ ಟಿಕೆಟ್ ಕೊಡುವುದನ್ನು ಬಿಟ್ಟು ಮೆಲ್ಲಗೆ ಕೇಳಿದ: “ಯಾರ್ ತೀರ್ಕೊಂಡಾರ್ರಿ?” ನಮ್ಮವರು ಮೂಗು ಒರೆಸಿಕೊಳ್ಳುತ್ತ, “ಸ್ಟೀರಿಯೊ ಇಂಜಿನಿಯರ್ ಸಾಹೇಬ್ರು” ಎಂದರು. ತಪ್ಪು ತಿಳಿಯಬಾರದು, ವಹಾಬ ತಮಗಾಗಿ ಒಂದು ನಿಮಿಷ ಟೋಪಿ ತೆಗೆದು ನಿಂತಿದ್ದಾನೆ.