ಐವತ್ತೆಂಟು ಕೆಜಿ ತ್ಯಾಜ್ಯ

ಜುಲೈ 9, ಮಂಗಳವಾರ, ಬೆಳಿಗ್ಗೆ 9.40. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ಬಸ್ಸು, ಎಡಗಡೆಯ ಕಿಟಕಿ ಸೀಟು. ಚೀಲದಲ್ಲಿದ್ದದ್ದು: ಪೆನ್ನು ಎರಡು, ಅಳತೆ ಟೇಪು ಒಂದು. ಆತ್ಮವಿಶ್ವಾಸ, ಟೇಪಿಗೆ ಸಿಗದಷ್ಟು.

ನಾನು ಆಸ್ತಿ ಮೌಲ್ಯಮಾಪಕರ ಕಚೇರಿಯಲ್ಲಿ ಕೆಲಸ ಕಲಿಯುತ್ತಿರುವವನು. ಸಾಹೇಬರು ಹನೂರಿನ ಅಕ್ಕಿ ಗಿರಣಿಗೆ ಹೋಗಬೇಕಾಗಿದ್ದರಿಂದ, ಒಂದು ಕಾರ್ಖಾನೆಯ ವರದಿ ಮೊದಲ ಬಾರಿಗೆ ಪೂರ್ತಿ ನನ್ನ ಕೈಗೆ ಬಂದಿತ್ತು.

"ಗೋಡೆ, ಚಾವಣಿ ಅಳೆಯಾದು ನಿಂಗೊತ್ತು. ಹೊಸದಾಗಿ ಸುಸ್ಥಿರತೆ ಅಂತ ಒಂದು ಪುಟ ಸೇರಿಸವ್ರೆ. ಪರಿಸರ ಕೆಡದೆ ನಡೆಯೋ ಕಾರ್ಖಾನೆಗೆ ಅಂಕ ಜಾಸ್ತಿ, ಬೆಲೇನೂ ಜಾಸ್ತಿ. ಅದ ಸರಿಯಾಗಿ ತುಂಬುದ್ರೆ ಇನ್ಮೇಲೆ ಕಾರ್ಖಾನೆಗಳೆಲ್ಲ ನಿಂಗೇ ಕಣ್ಲಾ" ಎಂದಿದ್ದರು.

ಹೋದದ್ದು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಒಂದು ಹಳೆಯ ಶೆಡ್ಡಿಗೆ. ಮಾಲೀಕರು ಮಹದೇವಸ್ವಾಮಿ. ಶೆಡ್ಡು ದೊಡ್ಡದು ಮಾಡಬೇಕೆಂದು ಬ್ಯಾಂಕ್ ಸಾಲಕ್ಕೆ ಹೊರಟಿದ್ದವರು. ಮಸಿ ಹಿಡಿದ ಚಿಮಣಿ ಕಂಡಿತು. ಸೋಲಾರ್ ಇಲ್ಲ. ಹಸಿರು ಎಂದರೆ ಒಂದು ನುಗ್ಗೆ ಮರ. ಪಾಪ, ಈ ಶೆಡ್ಡಿಗೂ ಸುಸ್ಥಿರತೆಗೂ ಏನು ಸಂಬಂಧ ಎಂದು ನಾನು ಗೇಟಿನಲ್ಲೇ ತೀರ್ಪು ಕೊಟ್ಟುಬಿಟ್ಟೆ!

ಮೊಬೈಲಿನಲ್ಲಿದ್ದ ಪುಟದ ಮೊದಲ ಪ್ರಶ್ನೆ: ದಿನಕ್ಕೆ ತ್ಯಾಜ್ಯ ಎಷ್ಟು ಕೆಜಿ?

"ಏನೂ ಇಲ್ಲ ಕಣ್ ಸಾ" ಎಂದರು ಮಹದೇವಸ್ವಾಮಿ.

ಸೊನ್ನೆ ಒತ್ತಿದೆ. ಮೊಬೈಲು ಒಪ್ಪಲಿಲ್ಲ. ಸೊನ್ನೆಗಿಂತ ಹೆಚ್ಚಿನ ಸಂಖ್ಯೆ ಕೊಡದೆ ಮುಂದಿನ ಪುಟಕ್ಕೆ ಬಿಡುವುದಿಲ್ಲವಂತೆ. ಸರಿ, ತ್ಯಾಜ್ಯವನ್ನು ಹುಡುಕುವುದೇ ನನ್ನ ಪರಮ ಕರ್ತವ್ಯವಾಯಿತು.

"ಈ ಬೂದಿ?"

"ಇಪ್ಪುನೇರಳೆ ತೋಟಕ್ಕೆ ಸಾ."

"ಈ ಹೊಗೆಯ ಬಿಸಿ?"

"ಅದರ ಕಾವಲ್ಲೇ ನಾಳೆಗೆ ಬೇಕಾದ ಸೌದೆ ಒಣಗ್ತದೆ."

"ಗೂಡಿನೊಳಗಿನ ಸತ್ತ ಹುಳ?"

"ಮುಳ್ಳೂರಲ್ಲಿ ಮೀನು ಸಾಕೋರು ತಕಂಡೋಯ್ತಾರೆ. ಮೂಟೆ ಮೇಲೆ ಕೈ ಇಕ್ಕಿದ್ದೀರಿ, ವಾಸನೆ ಓಗಕ್ಕೆ ಎರಡು ದಿನ ಬೇಕು."

"ಕೊಳಕು ನೀರು?"

"ತೊಟ್ಟೀಲಿ ತಿಳಿಯಾಗಿ ಸೀಮೆಹುಲ್ಲಿಗೆ ಓಯ್ತದೆ."

ನಂಬಲಿಲ್ಲ. ಕಾಲುವೆ ಹಿಡಿದು ಹೊರಟೆ. ನೀರು ನಿಜಕ್ಕೂ ತೊಟ್ಟಿಗೇ ಹೋಗುತ್ತಿತ್ತು. ನಾನೂ ಹೋದೆ. ಮೊಣಕಾಲವರೆಗೆ! ಎಡಗಾಲಿನ ಶೂ ಇನ್ನೂ ಅಲ್ಲೇ ಇದೆ.

ಒಂಟಿ ಶೂನಲ್ಲಿ ಒಳಗೆ ಬಂದಾಗ ಪುಟ್ಟಮಾದಮ್ಮ ಎಂಬ ಹಿರಿಯ ಹೆಂಗಸು ನೂಲು ತೆಗೆಯುತ್ತಿದ್ದರು. ಕುದಿನೀರಲ್ಲಿ ಬೆಂದ ಗೂಡುಗಳ ಮೇಲೆ ಕುಂಚವಾಡಿಸಿ, ಬೆರಳು ಅದ್ದಿ ಮೇಲೆತ್ತಿದರು. ಕೈಯಲ್ಲಿ ಏನೂ ಕಾಣಲಿಲ್ಲ. ಕೈ ಕಿಟಕಿಯ ಬೆಳಕಿಗೆ ಬಂದಾಗ ಕಂಡಿತು: ಏಳೆಂಟು ಎಳೆ, ನೀರಿನಿಂದಲೇ ಹುಟ್ಟಿ ಬಂದ ಹಾಗೆ. ಎಲ್ಲ ಒಂದಾಗಿ ರಾಟೆಗೆ ಏರಿ ಸುತ್ತತೊಡಗಿದವು. ನನ್ನ ದಿನಚರಿಯಲ್ಲಿ 11.20ರಿಂದ 11.32ರವರೆಗೆ ಏನೂ ಬರೆದಿಲ್ಲ. ಬಾಯಿ ತೆರೆದು ನಿಂತಿದ್ದೆ.

11.33ಕ್ಕೆ ಬುದ್ಧಿ ಬಂತು. ಬರಬಾರದಿತ್ತು. ಹಬೆ ಎಷ್ಟು ಖರ್ಚಾಗುತ್ತದೆ ನೋಡೋಣವೆಂದು ಪಕ್ಕದಲ್ಲಿ ಗೂಡು ಬೇಯುತ್ತಿದ್ದ ತೊಟ್ಟಿಯ ವಾಲ್ವ್ ಮುಟ್ಟಿದೆ. ಮುಟ್ಟಿದ್ದು ಮಾತ್ರವಲ್ಲ, ತಿರುಗಿಸಿದೆ. ಬುಸ್ ಎಂದಿತು. ಅದರಲ್ಲಿದ್ದ ಗೂಡುಗಳೆಲ್ಲ ಗಂಜಿಯಾದವು!

"ಯಾವನ್ಲಾ ವಾಲು ಮುಟ್ಟಿದವನು!" ಎಂದು ಮಹದೇವಸ್ವಾಮಿ ಓಡಿಬಂದರು. ಮೊದಲ ಗಂಟೆಯಲ್ಲಿ ನನಗೆ ಸಿಕ್ಕಿದ 'ಸಾ'ಗಳು ಹದಿನಾಲ್ಕು. ಇದಾದ ಮೇಲೆ ಒಂದೂ ಇಲ್ಲ.

ನಾಚಿಕೆಯಾಯಿತು. ಆದರೆ ಒಳಗೊಳಗೇ ಸಣ್ಣ ಸಂತೋಷವೂ ಆಯಿತು. ಕೊನೆಗೂ ತ್ಯಾಜ್ಯ! ಕ್ಷಮೆ ಕೇಳುತ್ತಲೇ ಅದನ್ನು ಬಸಿದು ತಕ್ಕಡಿಗೆ ಹಾಕಿದೆ. ಎರಡು ಕೆಜಿ ಇನ್ನೂರು ಗ್ರಾಂ.

ಪುಟ್ಟಮಾದಮ್ಮ ಕೇಳಿದರು, "ಅದ್ಯಾಕಪ್ಪ ಬರ್ಕತಿದ್ದೀಯೆ? ಸಿಕ್ಕು ರೇಷ್ಮೆ ತಕಳೋರು ನಾಳೆ ಬತ್ತಾರೆ. ಅದೂ ಓಯ್ತದೆ."

"ಹಾಗಾದ್ರೆ ಇಲ್ಲಿ ದಂಡ ಅನ್ನೋದು ಏನೂ ಇಲ್ವಾ ಅವ್ವಾ?"

ಆಕೆ ನನ್ನನ್ನು ತಲೆಯಿಂದ ಬರಿಗಾಲಿನವರೆಗೆ ನೋಡಿದರು.

"ದಿನಾ ಇಲ್ಲ. ಇವತ್ತೊಂದು ಬಂದದೆ."

ಇಡೀ ಶೆಡ್ಡು ನಕ್ಕಿತು. ನಾನು ಲೆಕ್ಕಕ್ಕೆ ಮೋಸ ಮಾಡುವವನಲ್ಲ. ತಕ್ಕಡಿ ಹತ್ತಿ ನಿಂತೆ. ಐವತ್ತೆಂಟು ಕೆಜಿ. ಬರೆದೆ. ಮೊಬೈಲು ಥಟ್ಟನೆ ಒಪ್ಪಿ ಮುಂದಿನ ಪುಟಕ್ಕೆ ಬಿಟ್ಟಿತು!

ಸಂಜೆ ಸಾಹೇಬರು ಫೋನ್ ಮಾಡಿದರು. "ದಿನಕ್ಕೆ ಐವತ್ತೆಂಟು ಕೆಜಿ ತ್ಯಾಜ್ಯವಾ? ಅಂಕ ನೆಲ ಕಚ್ಚಿದೆ, ಬೆಲೆ ಇಳಿದದೆ! ಏನ್ಲಾ ಅದು?"

ಹೇಳಿದೆ. ಅವರು ಫೋನ್ ಇಟ್ಟುಬಿಟ್ಟರು. ಮರುದಿನ ತಾವೇ ಹೋಗಿ ವರದಿ ಸರಿಮಾಡಿದರು. ಮಹದೇವಸ್ವಾಮಿಯವರ ಶೆಡ್ಡಿಗೆ ಒಳ್ಳೆಯ ಬೆಲೆಯೇ ಬಂತು. ನನಗೆ ಈಗ ಕೊಡುತ್ತಿರುವುದು ಖಾಲಿ ನಿವೇಶನಗಳು ಮಾತ್ರ. ಅಲ್ಲಿ ತಿರುಗಿಸಲು ಏನೂ ಇರುವುದಿಲ್ಲ.

ಆದರೂ ಒಂದು ಅನುಮಾನ ಉಳಿದಿದೆ. ಸೌದೆ ಒಣಗಿಸುವ ಆ ಕಾವಿಗೆ, ಕಾಣದ ಎಳೆಯನ್ನು ನೀರಿನಲ್ಲಿ ಹುಡುಕುವ ಆ ಬೆರಳಿಗೆ ಯಾವ ಕಾಲಮ್ಮಿನಲ್ಲಿ ಎಷ್ಟು ಅಂಕ ಕೊಡಬೇಕು? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಓದಲು ನನಗೆ ಈಗ ಬೇಕಾದಷ್ಟು ಬಿಡುವಿದೆ.