ಪೀಠಿಕೆ ಮಾವನ ಕೆಂಪು ಪೆನ್ನು

ನಮ್ಮ ಸೋದರಮಾವ ತಮ್ಮ ಹೆತ್ತ ತಾಯಿ ತೀರಿಕೊಂಡ ಸುದ್ದಿಯನ್ನೂ ಪೀಠಿಕೆ ಹಾಕಿಯೇ ತಿಳಿಸಿದವರು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಆದರೆ ಆ ಫೋನು ಎತ್ತಿದವಳು ನಾನು!

ಆಗ ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಿದ್ದೆ. ಮಾವ ಹುಣಸೂರು ಬಸ್ ಸ್ಟ್ಯಾಂಡಿನ ಅಂಗಡಿಯೊಂದರ ನಾಣ್ಯ ಹಾಕುವ ಫೋನಿನಿಂದ ಮಾತಾಡಿದರು. "ನೋಡಮ್ಮ, ಹುಟ್ಟಿದ ಪ್ರತಿಯೊಂದು ಜೀವಿಗೂ ಸಾವು ನಿಶ್ಚಿತ. ಅನಾದಿ ಕಾಲದಿಂದಲೂ ಮಾನವನು ಸಾವನ್ನು ಗೆಲ್ಲಲು ಯತ್ನಿಸುತ್ತಲೇ ಬಂದಿದ್ದಾನೆ" ಎಂದು ಶುರುಮಾಡಿದರು. "ಯಾರು ಮಾವ? ಯಾರಿಗೇನಾಯ್ತು?" ಎಂದು ಕಿರುಚಿದೆ. "ವಿಷಯಕ್ಕೇ ಬರುತ್ತಿದ್ದೇನೆ" ಎಂದರು. ಅವರು ವಿಷಯಕ್ಕೆ ಬರುವ ಮೊದಲೇ ನಾಣ್ಯದ ಹೊತ್ತು ಮುಗಿದು ಫೋನು ಕಟ್ಟಾಯಿತು! ಹುಣಸೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ಮನೆಯ ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಸಾಯಿಸುತ್ತಾ ಕಣ್ಣೀರು ಹಾಕಿದೆ. ಹೋದವಳು ಅಜ್ಜಿ ಎಂದು ತಿಳಿದದ್ದು ಬಸ್ಸಿಳಿದ ಮೇಲೆ. ಅಷ್ಟರಲ್ಲಿ ಅವಳಿಗೆಂದು ಒಂದು ಹನಿಯೂ ಉಳಿದಿರಲಿಲ್ಲ. ಈ ಪಾಪ ಯಾರ ತಲೆಗೆ ಹೇಳಿ?

ಮಾವ ಹುಣಸೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ತಲೆ ನರೆಯುವವರೆಗೂ ಕನ್ನಡ ಪಾಠ ಮಾಡಿದವರು. ಪ್ರಬಂಧವೆಂದರೆ ಎಡಗಡೆ ಎರಡು ಬೆರಳು ಅಂಚು, ಮೊದಲು ಪೀಠಿಕೆ, ಆಮೇಲೆ ವಿಷಯ ನಿರೂಪಣೆ, ಕೊನೆಗೆ ಉಪಸಂಹಾರ. ಇದು ಅವರ ಪಾಲಿಗೆ ಬರೀ ಪಾಠವಾಗಿರಲಿಲ್ಲ, ಜಗತ್ತು ನಿಂತಿದ್ದೇ ಇದರ ಮೇಲೆ. ನಾನು ಹಾಸ್ಟೆಲಿನಿಂದ ಬರೆದ ಕಾಗದಗಳು ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ಮರುಟಪಾಲಿನಲ್ಲಿ ನನಗೇ ವಾಪಸು ಬರುತ್ತಿದ್ದವು. ನನ್ನ ಮದುವೆಯ ಲಗ್ನಪತ್ರಿಕೆಗೆ ಹತ್ತಕ್ಕೆ ಐದೂವರೆ ಸಿಕ್ಕಿತು. ಗಂಡಿನ ಕಡೆಯವರು ಅಚ್ಚು ಹಾಕಿಸಿದ್ದು ಎಂಬ ದಾಕ್ಷಿಣ್ಯಕ್ಕೆ ಅರ್ಧ ಅಂಕ ಸೇರಿಸಿದ್ದರಂತೆ!

ನಮ್ಮತ್ತೆ ಇವರ ಜೊತೆ ಹೇಗೆ ಬಾಳಿದರೋ! "ಉಪ್ಪು ಮುಗ್ದದೆ" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರೆ "ಪೀಠಿಕೆ ಇಲ್ಲ" ಎಂದು ಜಗುಲಿಯಿಂದ ಉತ್ತರ ಬರುತ್ತಿತ್ತು. ಆ ಮಧ್ಯಾಹ್ನ ಉಪ್ಪಿಲ್ಲದ ಸಾರು ಬಡಿಸಿ ಅತ್ತೆ, "ಪೀಠಿಕೆ ಆಕಿ ಕುದಿಸಿವ್ನಿ, ಕಲಸ್ಕಂಡು ಉಣ್ಣಿ" ಎಂದರು. ಮಾವ ಕಲಸಿಕೊಂಡು ಉಂಡರು.

ಮಾವನ ಬತ್ತಳಿಕೆಯಲ್ಲಿದ್ದ ಬ್ರಹ್ಮಾಸ್ತ್ರವೆಂದರೆ 'ವಿಷಯಾಂತರ'. ಹುಡುಗರು ಹಸುವಿನ ಬಗ್ಗೆ ಬರೆಯುತ್ತಾ ಹಸು ಕಟ್ಟಿದ ಮರದ ಕಡೆಗೆ ಹೊರಳಿದರೆ ಸಾಕು, ಅಂಚಿನಲ್ಲಿ ಕೆಂಪಗೆ ಆ ಮಾತು ಬೀಳುತ್ತಿತ್ತು. ಹಾಲಿನವನ ಮಾತಿನ ನಡುವೆ ಅತ್ತೆ "ನನ್ ಮಂಡಿ ನೋವು ಜಾಸ್ತಿ ಆಗದೆ ಕಣ್ರೀ" ಎಂದರೆ ಅದೂ ವಿಷಯಾಂತರ! ಮಂಡಿಯನ್ನು ಡಾಕ್ಟರಿಗೆ ತೋರಿಸಿದ್ದು ಎಷ್ಟೋ ತಿಂಗಳ ನಂತರ. ಆಗ ನಾವೆಲ್ಲ ಇದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ. ಅತ್ತೆ ನಕ್ಕಿದ್ದರೇ? ನೆನಪಿಲ್ಲ. ನೆನಪಿಲ್ಲದಿರುವುದೇ ಈಗ ಕಾಡುತ್ತದೆ.

ಕಾಲ ಯಾರನ್ನು ಕೇಳುತ್ತದೆ? ಮಾವ ನಿವೃತ್ತರಾದರು, ನಾನು ಕೃಷ್ಣರಾಜನಗರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠಕ್ಕೆ ಸೇರಿದೆ, ಊರೂರಿಗೂ ಸೈಬರ್ ಅಂಗಡಿಗಳು ಬಂದವು. ಎರಡು ಸಾವಿರದ ಎಂಟರ ಹೊತ್ತಿಗೆ ಎಲ್ಲರಂತೆ ನಾನೂ ಒಂದು ಬ್ಲಾಗ್ ತೆರೆದೆ. ಅಷ್ಟಕ್ಕೆ ಸುಮ್ಮನಿರದೆ ತರಗತಿಯಲ್ಲಿ, "ಮಕ್ಕಳೇ, ಪರೀಕ್ಷೆಗೆ ಬರೆಯುವ ಹಾಗೆ ಬರೆಯಬೇಡಿ. ಬ್ಲಾಗಿಗೆ ಬರೆಯುವ ಹಾಗೆ ನಿಮಗೆ ಅನಿಸಿದ್ದನ್ನು, ನೀವು ಕಂಡದ್ದನ್ನು ಬರೆದು ತನ್ನಿ" ಎಂದು ಭಾಷಣ ಬಿಗಿದೆ. ಮರುದಿನ ನಲವತ್ತು ಹಾಳೆ ಬಂದವು. ಅರ್ಧಕ್ಕರ್ಧ ಹಾಳೆಗಳಲ್ಲಿ ಎಡಗಡೆ ಎರಡು ಬೆರಳು ಅಂಚು! "ಪೀಠಿಕೆ: ಆಧುನಿಕ ಯುಗದಲ್ಲಿ ಬ್ಲಾಗಿಗೆ ಮಹತ್ವದ ಸ್ಥಾನವಿದೆ." ಯಾರು ಕಲಿಸಿದರು ಎಂದು ವಿಚಾರಿಸಿದರೆ, ಅವರ ಹೈಸ್ಕೂಲು ಮೇಷ್ಟ್ರು ನಮ್ಮ ಮಾವನ ಶಿಷ್ಯರು! ಬೇರು ಎಷ್ಟು ದೂರ ಹೋಗಿತ್ತು ನೋಡಿ.

ಈ ಕತೆಯನ್ನು ಮಾವನಿಗೆ ಹೇಳಿ ರೇಗಿಸಬೇಕೆಂದು ಒಂದು ಭಾನುವಾರ ಹುಣಸೂರಿಗೆ ಹೋದೆ. ನನ್ನ ಬ್ಲಾಗಿನ ಬರಹವೊಂದನ್ನು ಮುದ್ರಿಸಿಕೊಂಡು ಹೋಗಿದ್ದೆ. ಅಜ್ಜಿ ಸತ್ತ ದಿನ ಬಸ್ಸಿನಲ್ಲಿ ಕಣ್ಣೀರು ಖಾಲಿಯಾದದ್ದನ್ನು ಬರೆದಿದ್ದೆ. ಮಾವ ಓದಿದರು. ಓದುತ್ತಿದ್ದಂತೆಯೇ ಅವರ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು. "ಪೀಠಿಕೆ ಇಲ್ಲ. ಬಸ್ಸಿನ ವರ್ಣನೆ ವಿಷಯಾಂತರ. ಉಪಸಂಹಾರ ಇಲ್ಲ. ಹತ್ತಕ್ಕೆ ನಾಲ್ಕು."

"ಮಾವ, ಇದು ಪ್ರಬಂಧ ಅಲ್ಲ, ಬ್ಲಾಗು. ಇದಕ್ಕೆ ಮಾರ್ಕ್ಸ್ ಇಲ್ಲ."

"ಅಂಕ ಇಲ್ಲವೆಂದ ಮೇಲೆ ಏಕೆ ಬರೆಯುತ್ತಾರೆ?"

"ಯಾರಾದರೂ ಓದಲಿ ಅಂತ."

"ಓದಿ?"

"ಓದಿದವರು ಉತ್ತರ ಬರೀತಾರೆ. ಕೆಳಗಡೆ ಜಾಗ ಇರುತ್ತೆ. ಪ್ರಬಂಧ ಓದೋ ಮೇಷ್ಟ್ರು ತಿದ್ದುತ್ತಾರೆ, ಬ್ಲಾಗ್ ಓದಿದವರು ಮಾತಾಡ್ತಾರೆ. ಅಷ್ಟೇ ವ್ಯತ್ಯಾಸ."

ನಾನು ತಮಾಷೆಗೆ ಅಂದ ಮಾತು. ಮಾವ ಪೆನ್ನಿನ ಮುಚ್ಚಳ ಹಾಕಿದರು. "ತೋರಿಸು" ಎಂದರು.

ಸೈಬರಿನಲ್ಲಿ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕೂತರು. ಅಜ್ಜಿಯ ಬರಹದ ಕೆಳಗೆ ಯಾವುದೋ ಊರಿನ ಹೆಂಗಸೊಬ್ಬಳು ಬರೆದಿದ್ದಳು: "ನಮ್ಮಪ್ಪ ಹೋದಾಗ ನನಗೂ ಅಳು ಬರಲಿಲ್ಲ. ನಾನು ಕೆಟ್ಟವಳು ಅಂದುಕೊಂಡಿದ್ದೆ. ಇದನ್ನು ಓದಿ ಸಮಾಧಾನವಾಯಿತು."

"ಯಾರಿವಳು?"

"ಗೊತ್ತಿಲ್ಲ ಮಾವ."

"ಬರಹ ಹಾಕಿದ್ದು ಯಾವಾಗ?"

"ಆರು ತಿಂಗಳಾಯ್ತು. ಇವಳು ಬರೆದಿರೋದು ಮೊನ್ನೆ."

"ಅಷ್ಟು ತಡವಾಗಿ ಉತ್ತರ ಬರೆಯಬಹುದೇ? ಗಡುವಿಲ್ಲವೇ?"

"ಇಲ್ಲ. ಹತ್ತು ವರ್ಷ ಬಿಟ್ಟು ಬರೆದರೂ ನಡೆಯುತ್ತೆ."

ಮಾವ ಮನೆಗೆ ಬಂದವರೇ ಅಟ್ಟದ ಟ್ರಂಕು ಇಳಿಸಿ, ತಳದಿಂದ ಕಂದು ಕಾಗದದ ಹೊದಿಕೆಯ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳದು. ಹದಿನಾಲ್ಕು ವರ್ಷ ಹಳೆಯದು. ಕೊನೆಯ ಪ್ರಬಂಧದ ವಿಷಯ 'ಹೊಗೆಸೊಪ್ಪಿನ ಬೆಳೆಯ ಸಾಧಕ ಬಾಧಕಗಳು'. ಪೀಠಿಕೆ ಮಾವ ಹೇಳಿಕೊಟ್ಟಂತೆಯೇ ಇತ್ತು. ಸಾಧಕಗಳಲ್ಲಿ, ಈ ಬೆಳೆಯಿಂದ ಊರಿನ ಮನೆಗಳು ಹೆಂಚು ಕಂಡವು ಎಂದಿತ್ತು. ಆಮೇಲೆ ಬಾಧಕಗಳು:

"ಎಲೆ ಬೇಯಿಸುವ ಬ್ಯಾರನ್ನಿಗೆ ಹಗಲೂ ರಾತ್ರಿ ಸೌದೆ ಹಾಕಬೇಕು. ಹೋದ ವರ್ಷ ನಮ್ಮವ್ವ ತೀರಿಕೊಂಡರು. ಸೊಪ್ಪು ಕಟ್ಟಲು ಮನೆಯಲ್ಲಿ ಕೈ ಸಾಲದು. ಆದ್ದರಿಂದ ಸೋಮವಾರದಿಂದ ನನ್ನನ್ನು ಸ್ಕೂಲು ಬಿಡಿಸುತ್ತಾರೆ. ಸೊಪ್ಪು ಮಾರಿದ ಮೇಲೆ ಪಿರಿಯಾಪಟ್ಟಣದ ಕಡೆಗೆ ಮದುವೆ ಮಾಡಿಕೊಡುತ್ತಾರಂತೆ. ನನಗೆ ಓದುವ ಆಸೆ ಇದೆ. ಸಾರ್, ನೀವು ಒಂದು ಸಲ ಬಂದು ಹೇಳಿದರೆ ನಮ್ಮಪ್ಪ ಕೇಳುತ್ತಾರೆ."

ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಒಂದು ಕೆಂಪು ಗೆರೆ. "ವಿಷಯಾಂತರ. ಉಪಸಂಹಾರ ಇಲ್ಲ. 3½."

ನಾನು ತಲೆಯೆತ್ತಲಿಲ್ಲ. ಎತ್ತಿದ್ದರೆ ಏನೆನ್ನುತ್ತಿದ್ದೆನೋ!

"ಓದಿದೆ. ಓದಿ ತಿದ್ದಿದೆ. ನೂರಿಪ್ಪತ್ತು ಪುಸ್ತಕದಲ್ಲಿ ಇದೂ ಒಂದು" ಎಂದರು ಮಾವ. "ಸೋಮವಾರ ಹಾಜರಿ ಕರೆದೆ. ಆ ಹೆಸರಿಗೆ ಯಾರೂ ಓಗೊಡಲಿಲ್ಲ. ಗೈರು ಎಂದು ಬರೆಯುವಾಗ ಹೊಳೆಯಿತು."

"ಅವತ್ತೇ ಹೋಗಬಹುದಿತ್ತಲ್ಲ ಮಾವ?"

"ನಾಳೆ ಹೋಗೋಣ ಎಂದುಕೊಂಡೆ. ಬೇರೆಯವರ ಮನೆಯ ವಿಚಾರ ಎಂದುಕೊಂಡೆ. ಆಮೇಲೆ ಮದುವೆಯಾಯಿತು ಎಂದು ಸುದ್ದಿ ಬಂತು." ಅಷ್ಟು ಹೇಳಿ ಕೇಳಿದರು, "ಇದನ್ನು ನಿನ್ನ ಬ್ಲಾಗಿಗೆ ಹಾಕಿದರೆ ಕೆಳಗೆ ಉತ್ತರ ಬರೆಯಲೇ?"

"ಅವಳನ್ನು ಕೇಳದೆ ಹಾಕೋ ಹಾಗಿಲ್ಲ ಮಾವ. ಹಾಕಿದರೂ ಅವಳು ಸೈಬರಿಗೆ ಹೋಗಿ ಓದ್ತಾಳಾ?"

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಎರಡೇ ದಿನದಲ್ಲಿ ಆ ಹುಡುಗಿಯ ಗಂಡನ ಊರು ಪತ್ತೆ ಮಾಡಿದರು. ತರಕಾರಿ ಮಾರುಕಟ್ಟೆಯಲ್ಲಿ ಅವಳ ತೌರಿನವರು ಸಿಕ್ಕರಂತೆ. "ಅದಿನಾಕು ವರ್ಸದಲ್ಲಿ ಯಾವಾಗ ಕೇಳಿದ್ರೂ ತಿಳ್ಕಂಡು ಯೋಳ್ತಿದ್ದೆ. ಕೇಳ್ನಿಲ್ವಲ್ಲ ನೀವು!" ಎಂದರಂತೆ. ಮಾವನಿಗೆ ಯಾರಾದರೂ ಸೊನ್ನೆ ಅಂಕ ಕೊಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮುಂದಿನ ಭಾನುವಾರ ಮಾವನೂ ನಾನೂ ಪಿರಿಯಾಪಟ್ಟಣಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅವಳ ಊರು ಸೇರಿದೆವು. ದಾರಿಯುದ್ದಕ್ಕೂ ಮಾವನ ತುಟಿ ಅಲ್ಲಾಡುತ್ತಿತ್ತು. ಪೀಠಿಕೆ ಸಿದ್ಧವಾಗುತ್ತಿತ್ತು.

ಬ್ಯಾರನ್ನಿನ ಮುಂದಿನ ಚಪ್ಪರದಡಿ ಹಸಿ ಎಲೆಯ ರಾಶಿ. ಅವಳು ನೆಲಕ್ಕೆ ಕೂತು ಎಲೆಗಳನ್ನು ಉದ್ದನೆಯ ಕಡ್ಡಿಗೆ ಕಟ್ಟುತ್ತಿದ್ದಳು. ಮಾವನನ್ನು ಕಂಡದ್ದೇ ದಡಕ್ಕನೆ ಎದ್ದು, ಅಂಟು ಹತ್ತಿ ಕಪ್ಪಾದ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಸಾ! ನೀವು ಇಲ್ಲಿಗಾ ಬಂದ್ರಿ!" ಮೂವತ್ತರ ಹತ್ತಿರದ ಹೆಂಗಸು ಕಣ್ಣೆದುರೇ ಒಂಬತ್ತನೇ ತರಗತಿಗೆ ಇಳಿದುಬಿಟ್ಟಳು.

"ಏನ್ ಮಾಡ್ಕೊಂಡಿದ್ದೀರಿ?" ಎಂದೆ ನಾನು, ಏನಾದರೂ ಅನ್ನಬೇಕಲ್ಲ ಎಂದು.

"ಇದೇ ಕಣ್ರವ್ವ, ಸೊಪ್ಪು ಕಟ್ಟೋದು. ಆಮೇಲೆ ಊರಿನ ಅರ್ಜಿ ಎಲ್ಲ ನಾನೇ ಬರಿಯೋದು. ರೇಸನ್ ಕಾರ್ಡು, ಕರೆಂಟು, ಎಲ್ಲದ್ಕೂವೆ. ಸಾ ಯೋಳ್ಕೊಟ್ಟಂಗೆ ಪೀಠಿಕೆ ಆಕೇ ಬರೀತೀನಿ. ತಾಲ್ಲೂಕು ಆಪೀಸಲ್ಲಿ ನಗ್ತಾರೆ, ನಗ್ಲಿ ಬುಡಿ!"

ನಾನು ನಕ್ಕೆ. ಮಾವ ನಗಲಿಲ್ಲ. ಗಂಟಲು ಸರಿಮಾಡಿಕೊಂಡು, "ಮಾನವನ ಜೀವನದಲ್ಲಿ ತಪ್ಪುಗಳು ಸಹಜ. ಆದರೆ ಕೆಲವು ತಪ್ಪುಗಳು" ಎಂದು ಆರಂಭಿಸಿದರು. ಅಲ್ಲಿಗೆ ಮಾತು ನಿಂತಿತು. ಇನ್ನೊಮ್ಮೆ "ಮಾನವನ" ಎಂದರು. ಆಮೇಲೆ ನೋಟ್‌ಬುಕ್ಕನ್ನು ಅವಳ ಕಡೆ ಚಾಚಿ, ನಾನು ಎಂದೂ ಅವರ ಬಾಯಲ್ಲಿ ಕೇಳಿರದ ಮನೆಮಾತಿನಲ್ಲಿ, "ನಾನು ಬರ್ಬೇಕಾಗಿತ್ತು. ಬರ್ನಿಲ್ಲ. ತಪ್ಪಾಯ್ತು ಕಣವ್ವ" ಎಂದರು. ಪೀಠಿಕೆಯಿಲ್ಲದ ಮಾತು!

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಅಂಟು ಹೋಗಲಿಲ್ಲ. ಪುಸ್ತಕ ಮುಟ್ಟದೆ ಬಗ್ಗಿ, ಮಾವ ತೆರೆದು ಹಿಡಿದಿದ್ದ ಪುಟವನ್ನು ನಿಧಾನವಾಗಿ ಓದಿದಳು.

"ನೀವು ಇದ್ನ ಓದಿದ್ರಾ ಸಾ?"

"ಓದಿದ್ದೆ."

"ನೀವು ಓದೇ ಇಲ್ಲ ಅಂದ್ಕಂಡಿದ್ದೆ ಕಣ್ ಸಾ. ರಾಶಿ ಪುಸ್ತಕ, ನಂದು ತಳದಲ್ಲಿ ಉಳ್ಕಂಡದೆ ಅಂತ. ಓದಿದ್ರೆ ನಮ್ ಸಾ ಬಂದೇ ಬರೋರು ಅಂತ ಇಲ್ಲಿಗೆ ಬಂದ್ಮೇಲೆ ನಮ್ಮತ್ತೆಗೂ ಯೋಳಿದ್ದೆ."

ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಹದಿನಾಲ್ಕು ವರ್ಷ ಅವಳು ಕಾಪಾಡಿಕೊಂಡು ಬಂದಿದ್ದ ಒಂದೇ ಒಂದು ನಂಬಿಕೆಯನ್ನು ನಾವು ಆಟೋ ಮಾಡಿಕೊಂಡು ಬಂದು ಮುರಿದಿದ್ದೆವು. ಬ್ಲಾಗಿನಲ್ಲಿ ಉತ್ತರಕ್ಕೆ ಗಡುವಿಲ್ಲ ಎಂದು ಎಷ್ಟು ಸಲೀಸಾಗಿ ಹೇಳಿದ್ದೆನಲ್ಲ!

ಅವಳು ಅಳಲಿಲ್ಲ. ಅಂಚಿನ ಕೆಂಪು ಅಕ್ಷರದ ಹತ್ತಿರ ಬೆರಳು ತಂದು, ತಾಗಿಸದೆ ಕೇಳಿದಳು: "ಒಂದ್ ಮಾತು ಸಾ. ನೀವು ಹೊಗೆಸೊಪ್ಪಿನ ಬಾಧಕ ಬರೀರಿ ಅಂದಿದ್ರಿ. ನಾನು ಅದ್ನೇ ತಾನೆ ಬರ್ದಿರೋದು? ಇದ್ರಲ್ಲಿ ವಿಷಯಾಂತರ ಏನದೆ?"

ತರಗತಿಯಲ್ಲಿ ಎದ್ದುನಿಂತು ಕೇಳುವ ಧ್ವನಿಯಲ್ಲೇ ಕೇಳಿದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ. ನಾನೂ ಕನ್ನಡ ಮೇಡಮ್ಮು. ಆ ಪುಟವನ್ನು ಹತ್ತು ಸಲ ಓದಿ ಮರುಗಿದ್ದೆ. ನನಗೂ ಇದು ಹೊಳೆದಿರಲಿಲ್ಲ.

ಮಾವ ಪುಟವನ್ನು ಕಣ್ಣ ಹತ್ತಿರ ಹಿಡಿದು ಮತ್ತೆ ಮೊದಲಿನಿಂದ ಓದಿದರು. ಮುಚ್ಚಿದರು. ಪುಸ್ತಕವನ್ನು ಅವಳ ಜಗುಲಿಯ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ಎಲೆಯ ರಾಶಿಯ ಪಕ್ಕ ನೆಲಕ್ಕೆ ಕೂತರು. "ಅಯ್ಯೋ, ಎದ್ದೇಳಿ ಸಾ, ಕೈಯೆಲ್ಲ ಕರಿಯಾಯ್ತದೆ" ಎಂದಳು ಅವಳು. ಮಾವ ಏಳಲಿಲ್ಲ. ಒಂದೊಂದೇ ಎಲೆ ಆರಿಸಿ, ತೊಟ್ಟು ಸಮ ಮಾಡಿ ಚಾಚಿದರು. ಮೊದಮೊದಲು ಅವಳು ಸುಮ್ಮನೆ ನಿಂತಿದ್ದಳು. ಆಮೇಲೆ ಕೂತು, ಅವರು ಕೊಟ್ಟ ಎಲೆಗಳನ್ನು ತೆಗೆದುಕೊಂಡು ಕಡ್ಡಿಗೆ ಕಟ್ಟತೊಡಗಿದಳು. "ಎಲ್ಡೆಲ್ಡು ಕೊಡಿ ಸಾ" ಎಂದಳು. ಮಾವ ಎರಡೆರಡು ಕೊಟ್ಟರು. ಸಂಜೆಯ ಬಸ್ಸಿನ ಹೊತ್ತಿನವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಹೊರಡುವಾಗ ನಾನು ಬ್ಲಾಗಿನ ವಿಷಯ ಕೇಳಿದೆ. "ಬರ್ಕಳಿ. ಎಸ್ರು ಆಕ್ಬ್ಯಾಡಿ" ಎಂದಳು. ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ.

ಬಸ್ಸಿನಲ್ಲಿ ಮಾವ ಕಪ್ಪಾದ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಕೂತಿದ್ದರು. ಹುಣಸೂರಿನ ದೀಪಗಳು ಕಂಡವು. ಇಳಿಯಲು ಎದ್ದವರು, ನನ್ನ ಕಡೆ ತಿರುಗದೆ ಹೇಳಿದರು.

"ವಿಷ್ಯದಲ್ಲೇ ಇತ್ತು ಕಣಮ್ಮಿ. ಆ ಮಗು ವಿಷ್ಯದಲ್ಲೇ ಇತ್ತು."